ಬ್ರೇಕ್ ಹೊಡೆಯಲು ಯಾವ ಟಿಪ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಟಿಪ್ ಬಗ್ಗೆಯೇ, ಅಂದರೆ ಪೂಲ್ ಆಡುವ ಕೋಲಿನ (ಕ್ಯೂ) ತುದಿಗೆ ಅಂಟಿಸುವ, ಚೆಂಡಿಗೆ ತಾಗುವ ಸಣ್ಣ ಬಿಲ್ಲೆಯ ಬಗ್ಗೆ. ಮಳೆಗಾಲ ಹತ್ತಿರ ಬಂತು ಅಂದರೆ ಪ್ರತಿ ವರ್ಷ ಹೀಗೆ. ಬೆಂದೂರಿನ ನನ್ನ ರಿಪೇರಿ ಕೋಣೆಗೂ ಈಗ ಟಿಪ್ ಬಿದ್ದ ಕ್ಯೂ ಹಿಡಿದುಕೊಂಡು ಬರುವವರೇ ಜಾಸ್ತಿ. ಹಾಗಾಗಿ ಫೌಲ್, ಪಾಯಿಂಟ್ ಲೆಕ್ಕದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಹೊಸಬರಿಗೆ ಒಂದು ಮಾತು: ತ್ರಿಕೋನವಾಗಿ ಜೋಡಿಸಿಟ್ಟ ಚೆಂಡುಗಳೇ ರ‍್ಯಾಕ್, ಬಿಳಿ ಚೆಂಡು ಹೊಡೆದು ಅದನ್ನು ಚದುರಿಸುವ ಮೊದಲ ಪೆಟ್ಟೇ ಬ್ರೇಕ್.

ಪ್ರಶ್ನೆ: ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಸಂಜೆ ಗೆಳೆಯರ ಜೊತೆ 8-ಬಾಲ್ ಆಡುತ್ತೇವೆ. ಸೀನಿಯರ್ ಒಬ್ಬರಿಂದ ಹಳೆಯ ಎರಡು ತುಂಡಿನ ಕ್ಯೂ ತೆಗೆದುಕೊಂಡೆ. ಅದನ್ನು ಬ್ರೇಕ್‌ಗೆ ಮಾತ್ರ ಇಟ್ಟುಕೊಳ್ಳುವ ಯೋಚನೆ. ಅದರ ಲೆದರ್ ಟಿಪ್‌ನ ಅಂಚು ಸುತ್ತಲೂ ಹೊರಗೆ ಚಾಚಿಕೊಂಡಿದೆ. ರೂಮ್‌ಮೇಟ್ ಫಿನಾಲಿಕ್ ಹಾಕಿಸು ಅನ್ನುತ್ತಾನೆ. ಇನ್ನೊಬ್ಬ ಜಿ-10 ಅನ್ನುತ್ತಾನೆ. ಟಿಪ್ ಗಟ್ಟಿಯಾದಷ್ಟೂ ಬ್ರೇಕ್ ಜೋರಾಗುತ್ತದೆಯೇ? ಯಾವುದು ಹಾಕಿಸಲಿ?
– ಓದುಗ, ಮಣಿಪಾಲ

ಉತ್ತರ: ಗಟ್ಟಿ ಲೆದರ್ ಹಾಕಿಸಿ. ಇಂಜಿನಿಯರಿಂಗ್ ಓದುವವರಿಗೆ ಬಾಯಿಮಾತು ಸಾಕಾಗುವುದಿಲ್ಲ, ಲೆಕ್ಕವೇ ಕೊಡುತ್ತೇನೆ.

ರೂಮ್‌ಮೇಟ್ ಹೇಳಿದ್ದು ಸುಳ್ಳಲ್ಲ. ಗಟ್ಟಿ ಟಿಪ್‌ನಲ್ಲಿ ವೇಗ ಜಾಸ್ತಿ ಬರುತ್ತದೆ. ಟಿಪ್ ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಅಷ್ಟರೊಳಗೆ ಲೆದರ್ ಕುಗ್ಗಿ ಮತ್ತೆ ಹಿಗ್ಗುತ್ತದೆ. ಹಿಗ್ಗುವಾಗ ನೀವು ಕೊಟ್ಟ ಶಕ್ತಿಯೆಲ್ಲ ವಾಪಸ್ ಬರುವುದಿಲ್ಲ, ಒಂದಷ್ಟು ಲೆದರ್ ಹೊಟ್ಟೆಗೇ ಹೋಗುತ್ತದೆ. ಫಿನಾಲಿಕ್ ಕುಗ್ಗುವುದೇ ಕಡಿಮೆ. ಅದು ಒಂದು ಜಾತಿಯ ಗಟ್ಟಿ ರಾಳ. ಒಳ್ಳೆಯ ಪೂಲ್ ಚೆಂಡುಗಳನ್ನು ಮಾಡುವುದೂ ಫಿನಾಲಿಕ್ ರಾಳದಿಂದಲೇ. ಬೆಲ್ಜಿಯಂನಿಂದ ಬರುವ ಅರಾಮಿತ್ ಚೆಂಡು ನೋಡಿರುತ್ತೀರಿ, ಅದೂ ಇದೇ. ಜಿ-10 ಅಂದರೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ, ಪದರ ಪದರವಾಗಿ ಒತ್ತಿ ಮಾಡಿದ ಹಲಗೆ. ನಿಮ್ಮ ಲ್ಯಾಬಿನ ಸರ್ಕಿಟ್ ಬೋರ್ಡಿನ ಹಲಗೆ ಅದರ ಹತ್ತಿರದ ನೆಂಟ. ಆಡುವವರಿಗೆ ಎರಡೂ ಒಂದೇ ಪಂಗಡ ಅಂತ ಇಟ್ಟುಕೊಳ್ಳಿ.

ಎಷ್ಟು ಜಾಸ್ತಿ ಬರುತ್ತದೆ? ಪೆಟ್ಟು ಬಿದ್ದ ಮೇಲೆ ವಾಪಸ್ ಪುಟಿಯುವ ಗುಣ ಲೆದರ್ ಟಿಪ್‌ಗೆ 0.73ರ ಆಸುಪಾಸು, ಫಿನಾಲಿಕ್‌ಗೆ 0.85ರ ಆಸುಪಾಸು. ಅದೇ ಕ್ಯೂವನ್ನು ಅದೇ ಜೋರಿನಲ್ಲಿ ಬೀಸಿದರೆ ಬಿಳಿ ಚೆಂಡಿನ ವೇಗ ಶೇಕಡಾ 7ರಷ್ಟು ಹೆಚ್ಚುತ್ತದೆ. ಗಂಟೆಗೆ 30 ಕಿ.ಮೀ. ಇದ್ದ ಬ್ರೇಕ್ 32 ಆಗುತ್ತದೆ. ದೊಡ್ಡ ಟೂರ್ನಮೆಂಟ್ ಆಡುವವರು 32ರಿಂದ 40 ಕಿ.ಮೀ. ವೇಗದಲ್ಲಿ ಹೊಡೆಯುತ್ತಾರೆ. ಆ ಮಟ್ಟದಲ್ಲಿ ಎರಡು ಕಿ.ಮೀ. ಅಂದರೆ ಸುಮ್ನೆ ಅಲ್ಲ.

ಈಗ ಇನ್ನೊಂದು ಲೆಕ್ಕ ನೋಡಿ. 9 ಅಡಿ ಟೇಬಲ್‌ನಲ್ಲಿ ಬ್ರೇಕ್ ಗೆರೆಯಿಂದ ರ‍್ಯಾಕ್‌ನ ತುದಿಯ ಚೆಂಡಿಗೆ 50 ಇಂಚು, ಅಂದರೆ 127 ಸೆಂ.ಮೀ. ದೂರ. ಬಿಳಿ ಚೆಂಡು ಒಂದೇ ಒಂದು ಡಿಗ್ರಿ ಓರೆ ಹೋದರೆ ಅಲ್ಲಿಗೆ ಮುಟ್ಟುವಾಗ 2.2 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಚೆಂಡಿನ ವ್ಯಾಸವೇ 5.7 ಸೆಂ.ಮೀ. ಮುಖಕ್ಕೆ ಬೀಳಬೇಕಾದ ಪೆಟ್ಟು ಕೆನ್ನೆ ಸವರಿ ಹೋಗುತ್ತದೆ. ಶಕ್ತಿಯಲ್ಲಿ ಶೇಕಡಾ 15ರಷ್ಟು ತುದಿಯ ಚೆಂಡಿಗೆ ಸಿಗುವುದೇ ಇಲ್ಲ. ವೇಗದಲ್ಲಿ ಶೇಕಡಾ 7 ಅಂದರೆ ಶಕ್ತಿಯಲ್ಲಿ 14. ಫಿನಾಲಿಕ್ ಕೊಟ್ಟದ್ದೆಲ್ಲ ಒಂದು ಡಿಗ್ರಿಯಲ್ಲಿ ಮಂಗಮಾಯ.

ಒಂದು ಡಿಗ್ರಿ ಓರೆ ಹೋಗಲು ಎಂತ ಆಗಬೇಕು? ಟಿಪ್ ಚೆಂಡಿನ ನಡುವಿಗೆ ಬೀಳುವ ಬದಲು ಮುಕ್ಕಾಲು ಸೆಂ.ಮೀ. ಎಡಕ್ಕೋ ಬಲಕ್ಕೋ ಬಿದ್ದರೆ ಸಾಕು. ಸಾಮಾನ್ಯ ಕ್ಯೂನಲ್ಲಿ ಹೆಚ್ಚುಕಡಿಮೆ ಅಷ್ಟು ಓರೆಯಾಗುತ್ತದೆ. ಮೈಯ ಬಲವೆಲ್ಲ ಹಾಕಿ ಬೀಸುವಾಗ ಮುಕ್ಕಾಲು ಸೆಂ.ಮೀ. ತಪ್ಪುವುದು ದೊಡ್ಡ ಸಂಗತಿಯೇ ಅಲ್ಲ ಮಾರಾಯ್ರೆ. ಪಾರ್ಲರ್‌ಗಳಲ್ಲಿ ನಾನು ನೋಡುವ ಬ್ರೇಕ್‌ಗಳಲ್ಲಿ ಹೆಚ್ಚಿನವು ಅಷ್ಟು ತಪ್ಪಿಯೇ ಇರುತ್ತವೆ.

ತೊಂದರೆ ಇಷ್ಟೇ ಅಲ್ಲ. ಫಿನಾಲಿಕ್‌ಗೆ ಜಾರದ ಹಾಗೆ ಹಚ್ಚುವ ಚಾಕ್ ಅಂಟುವುದು ಕಷ್ಟ. ಲೆದರ್‌ನ ಮೇಲ್ಮೈಯಲ್ಲಿ ನಾರು ಇರುತ್ತದೆ, ಪುಡಿ ಅದರೊಳಗೆ ಕೂತುಕೊಳ್ಳುತ್ತದೆ. ಫಿನಾಲಿಕ್ ನುಣ್ಣಗೆ. ಮರಳು ಕಾಗದದಲ್ಲಿ ಉಜ್ಜಿ ಒರಟು ಮಾಡಿಕೊಂಡರೂ ನಾಲ್ಕಾರು ಬ್ರೇಕ್ ಆದ ಮೇಲೆ ಮತ್ತೆ ನುಣ್ಣಗಾಗುತ್ತದೆ. ನಡುವಿಗೆ ಬಿದ್ದರೆ ಪರವಾಗಿಲ್ಲ, ಪಕ್ಕಕ್ಕೆ ಬಿದ್ದರೆ ಜಾರಿ ಮಿಸ್‌ಕ್ಯೂ. ಬ್ರೇಕ್ ವೇಗದಲ್ಲಿ ಮಿಸ್‌ಕ್ಯೂ ಆದರೆ ಬಿಳಿ ಚೆಂಡು ಪಕ್ಕದ ಟೇಬಲ್‌ನವರ ಕಾಲಬುಡದಲ್ಲಿ.

ಹಾಗಾಗಿ ಮೊದಲು ಒಂದು ಪರೀಕ್ಷೆ ಮಾಡಿ. ಪಟ್ಟೆ ಇರುವ ಚೆಂಡು ತೆಗೆದುಕೊಳ್ಳಿ, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಪಟ್ಟೆ ಮೇಲಿಂದ ಕೆಳಕ್ಕೆ ನೇರ ನಿಂತು ನಿಮ್ಮ ಕಡೆ ಮುಖ ಮಾಡಿರುವ ಹಾಗೆ ಬ್ರೇಕ್ ಗೆರೆಯ ಮೇಲೆ ಇಡಿ. ಟಿಪ್‌ಗೆ ಚಾಕ್ ಹಚ್ಚಿ ಬ್ರೇಕ್‌ನಷ್ಟೇ ಜೋರಾಗಿ ಹೊಡೆಯಿರಿ. ರ‍್ಯಾಕ್ ಬೇಡ, ಖಾಲಿ ಟೇಬಲ್ ಸಾಕು. ಚೆಂಡು ನಿಂತ ಮೇಲೆ ಎತ್ತಿ ನೋಡಿ. ಚಾಕ್‌ನ ನೀಲಿ ಗುರುತು ಪಟ್ಟೆಯ ನಟ್ಟನಡುವೆ ಇದ್ದರೆ ನಿಮ್ಮ ಕೈ ಸರಿ ಇದೆ. ಪಟ್ಟೆಯ ಅಂಚಿಗೆ ಸರಿದಿದ್ದರೆ ಯಾವ ಟಿಪ್ ಹಾಕಿದರೂ ಅಷ್ಟೇ. ಹತ್ತರಲ್ಲಿ ಎಂಟು ಸಲ ನಡುವಿಗೆ ಬೀಳುವ ದಿನ ಬಂದರೆ ಆಮೇಲೆ ಫಿನಾಲಿಕ್ ಮಾತಾಡುವ.

ಯಾವ ಗಟ್ಟಿ ಲೆದರ್? ಎಲ್ಕ್ ಮಾಸ್ಟರ್ ಬೇಡ, ಅದು ಮೆತ್ತಗೆ. ಒಂದೇ ತುಂಡಿನ ಟಿಪ್‌ಗಳಲ್ಲಿ ಟ್ರಯಾಂಗಲ್ ಸಾಕಷ್ಟು ಗಟ್ಟಿ, ಬೆಲೆಯೂ ಕಡಿಮೆ. ವಿದ್ಯಾರ್ಥಿಗೆ ಅದೇ ಒಳ್ಳೆಯದು. ಕಮೂಯಿ, ಮೂರಿ ಅಂತ ಜಪಾನಿನ ಟಿಪ್‌ಗಳು ಉಂಟು, ಹಂದಿ ಚರ್ಮದ ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದವು. ಚೆನ್ನಾಗಿಯೇ ಇವೆ. ಆದರೆ ಬ್ರೇಕ್‌ಗೆ ಮಾತ್ರ ಇಟ್ಟ ಕ್ಯೂಗೆ ಅಷ್ಟು ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದನ್ನು ಆಟದ ಕ್ಯೂಗೆ ಹಾಕಿಸಿ, ದಿನಾ ಅನುಭವಿಸಿ. ಇನ್ನೊಂದು ಮಾತು. ಡಬ್ಬಿಯ ಮೇಲೆ ಹಾರ್ಡ್ ಅಂತ ಇದ್ದದ್ದೆಲ್ಲ ಒಂದೇ ಗಟ್ಟಿ ಅಲ್ಲ. ಒಂದು ಕಂಪನಿಯ ಹಾರ್ಡ್ ಇನ್ನೊಂದರ ಮೀಡಿಯಂನಷ್ಟೇ ಇರಬಹುದು. ಉಗುರಿನಲ್ಲಿ ಒತ್ತಿ ನೋಡಿ, ಗುರುತು ಉಳಿದರೆ ಬಿಟ್ಟುಬಿಡಿ.

ಅಗಲ 13 ಮಿ.ಮೀ. ಸಾಕು. ತಲೆಯನ್ನು ಒಂದು ರೂಪಾಯಿ ನಾಣ್ಯದ ಅಂಚಿನ ದುಂಡಿಗೆ ಸರಿಯಾಗಿ ಕೆತ್ತಿಸಿ, ಅದಕ್ಕಿಂತ ಸ್ವಲ್ಪ ಚಪ್ಪಟೆ ಇದ್ದರೂ ನಡೆಯುತ್ತದೆ. ಜಾಸ್ತಿ ಗುಂಡಗೆ ಬೇಡ, ಬ್ರೇಕ್‌ನಲ್ಲಿ ಸ್ಪಿನ್ ಹಾಕುವ ಕೆಲಸ ಇಲ್ಲವಲ್ಲ. ಟಿಪ್ ಬದಲಿಸುವಾಗ ಅದರ ಕೆಳಗಿನ ಬಿಳಿ ಬಳೆ, ಅಂದರೆ ಫೆರುಲ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ ನೋಡಿಸಿ. ಲೆದರ್ ಪೆಟ್ಟನ್ನು ಒಂದಷ್ಟು ತಾನೇ ತಡೆದುಕೊಳ್ಳುತ್ತದೆ. ಫಿನಾಲಿಕ್ ಹಾಗೇ ಕೆಳಗೆ ದಾಟಿಸುತ್ತದೆ, ಹಳೆಯ ಫೆರುಲ್ ಒಡೆದೀತು.

ಪ್ರಶ್ನೆ: ನಾನು ಉಡುಪಿಯಲ್ಲಿ ಬ್ಯಾಂಕ್ ಉದ್ಯೋಗಿ. ವಾರಕ್ಕೊಮ್ಮೆ ಆಫೀಸಿನವರ ಜೊತೆ ಪೂಲ್ ಆಡುತ್ತೇನೆ. ನನ್ನ ಬ್ರೇಕ್‌ನಲ್ಲಿ ರ‍್ಯಾಕ್ ಅರ್ಧವೂ ಬಿಚ್ಚುವುದಿಲ್ಲ. ಕೈಯಲ್ಲಿ ಬಲ ಕಡಿಮೆ. ಭಾರದ ಕ್ಯೂ, ಗಟ್ಟಿ ಟಿಪ್ ತೆಗೆದುಕೊಂಡರೆ ಸರಿಹೋಗುತ್ತದೆ ಅನ್ನುತ್ತಾರೆ. ಹೌದೇ?
– ಓದುಗರು, ಕುಂಜಿಬೆಟ್ಟು

ಉತ್ತರ: ಟಿಪ್ ವಿಷಯದಲ್ಲಿ ಹೌದು, ಭಾರದ ವಿಷಯದಲ್ಲಿ ಇಲ್ಲ. 19 ಔನ್ಸ್ ಕ್ಯೂ ಬಿಟ್ಟು 21 ಔನ್ಸ್ ಹಿಡಿದರೆ, ಅಂದರೆ ಸುಮಾರು 540 ಗ್ರಾಂನಿಂದ 595ಕ್ಕೆ ಹೋದರೆ, ಚೆಂಡಿನ ವೇಗ ಹೆಚ್ಚುವುದು ಶೇಕಡಾ 2 ಮಾತ್ರ. ಅದೂ ಭಾರದ ಕ್ಯೂವನ್ನು ಮೊದಲಿನಷ್ಟೇ ಜೋರಾಗಿ ಬೀಸಿದರೆ. ಬೀಸಲು ಆಗುತ್ತದೆಯೇ ಅಕ್ಕ? ಕೇರಂನಲ್ಲಿ ಭಾರದ ಸ್ಟ್ರೈಕರ್ ಎಲ್ಲರ ಬೆರಳಿಗೂ ಹೊಂದುವುದಿಲ್ಲ ಅಲ್ವಾ, ಇದೂ ಹಾಗೆಯೇ. ಕೈಗೆ ಹಗುರ ಅನ್ನಿಸುವ 18 ಅಥವಾ 19 ಔನ್ಸ್ ಹಿಡಿದು ನೋಡಿ. ನಿಮಗೆ ಅದರಲ್ಲೇ ವೇಗ ಹೆಚ್ಚು ಬಂದೀತು.

ನಿಮ್ಮ ಊರಿನ ಪಾರ್ಲರ್‌ನಲ್ಲಿ ಬಹುಶಃ ಗೋಡೆಗೆ ಒರಗಿಸಿಟ್ಟ ಕ್ಯೂಗಳಲ್ಲೇ ಆಡುತ್ತಿದ್ದೀರಿ. ಹಿತ್ತಾಳೆ ಫೆರುಲ್ ಇದ್ದರೆ, ಟಿಪ್ 10 ಮಿ.ಮೀ. ಒಳಗೆ ಇದ್ದರೆ ಅದು ಸ್ನೂಕರ್ ಕ್ಯೂ. ಸ್ನೂಕರ್ ಚೆಂಡು 52.5 ಮಿ.ಮೀ., ಪೂಲ್ ಚೆಂಡು 57.15 ಮಿ.ಮೀ., ತೂಕದಲ್ಲೂ ಪೂಲ್ ಚೆಂಡೇ ಭಾರ. ಅಷ್ಟು ಸಣ್ಣ, ಮೆತ್ತಗಿನ ಟಿಪ್‌ನಲ್ಲಿ ಬಲವಾಗಿ ಬ್ರೇಕ್ ಹೊಡೆಯುವುದು ಯಾರಿಗಾದರೂ ಕಷ್ಟವೇ. ಎಲ್ಲ ಕ್ಯೂಗಳ ತುದಿ ನೋಡಿ, ಅಗಲ ಟಿಪ್ ಇದ್ದದ್ದನ್ನು ಆರಿಸಿಕೊಳ್ಳಿ.

ಆಮೇಲೆ ಜೋರು ಬಿಟ್ಟು ಗುರಿ ನೋಡಿ. ಇರುವ ಬಲದ ಮುಕ್ಕಾಲು ಪಾಲು ಹಾಕಿ ತುದಿಯ ಚೆಂಡಿಗೆ ನೇರ ಕೊಡಿ. ರ‍್ಯಾಕ್ ಕಟ್ಟುವವರಿಗೂ ಸ್ವಲ್ಪ ಹೇಳಿ: ಚೆಂಡುಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ನಡುವೆ ಸಂದು ಇದ್ದರೆ ಭೀಮ ಹೊಡೆದರೂ ಬಿಚ್ಚುವುದಿಲ್ಲ. ನಿಮ್ಮ ತೊಂದರೆ ಅರ್ಧ ಅಲ್ಲೇ ಇರಬಹುದು ಅಂತ ನನ್ನ ಗುಮಾನಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಸಮುದ್ರದ ಹತ್ತಿರವೇ ಮನೆ. ಪ್ರತಿ ಮಳೆಗಾಲದಲ್ಲಿ ಬ್ರೇಕ್ ಕ್ಯೂನ ಟಿಪ್ ಕಿತ್ತುಬರುತ್ತದೆ. ಸೂಪರ್ ಗ್ಲೂ ಹಾಕಿ ಅಂಟಿಸುತ್ತೇನೆ, ಮತ್ತೆ ಹಾರುತ್ತದೆ. ಗ್ಲೂ ನಮ್ಮ ಹವೆಗೆ ಆಗುವುದಿಲ್ಲವೇ?
– ಓದುಗ, ಸುರತ್ಕಲ್

ಉತ್ತರ: ಪಾಪ, ಗ್ಲೂ ಮೇಲೆ ತಪ್ಪು ಹೊರಿಸಬೇಡಿ. ಸೂಪರ್ ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ನಮ್ಮಲ್ಲಿ ತೇವಕ್ಕೆ ಬರ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ ಸುರಿಯುವ ಊರು.

ಕಿತ್ತುಬಂದ ಟಿಪ್‌ನ ಅಡಿಭಾಗ ತಿರುಗಿಸಿ ನೋಡಿ. ಹಳೆಯ ಗ್ಲೂ ಗಾಜಿನ ಹಾಗೆ ಹೊಳೆಯುತ್ತಿದ್ದರೆ ನೀವು ಅದರ ಮೇಲೆಯೇ ಹೊಸ ಗ್ಲೂ ಹಾಕಿದ್ದೀರಿ. ಅದು ಹಿಡಿಯುವುದಿಲ್ಲ. ಫೆರುಲ್‌ನ ತಲೆಯನ್ನು ಬ್ಲೇಡ್‌ನಲ್ಲಿ ಕೆರೆದು ಸಮತಟ್ಟು ಮಾಡಿ. ಗಾಜಿನ ತುಂಡಿನ ಮೇಲೆ ಮರಳು ಕಾಗದ ಹರಡಿ, ಟಿಪ್‌ನ ಅಡಿಯನ್ನು ಅದರ ಮೇಲೆ ಉಜ್ಜಿ. ಹೊಳಪು ಪೂರ್ತಿ ಹೋಗಿ ಹೊಸ ಲೆದರ್ ಕಾಣಬೇಕು. ಆಮೇಲೆ ಬೆರಳು ತಾಗಿಸಬೇಡಿ, ಬೆರಳಿನ ಎಣ್ಣೆಯೂ ಶತ್ರುವೇ. ನೀರಿನ ಹಾಗಿರುವ ಗ್ಲೂಗಿಂತ ಜೆಲ್ ಒಳ್ಳೆಯದು. ತೆಳುವಾದದ್ದನ್ನು ಲೆದರ್ ಹೀರಿಬಿಡುತ್ತದೆ, ಅಂಟಲು ಎಂತದೂ ಉಳಿಯುವುದಿಲ್ಲ. ಒಂದೇ ಹನಿ ಹಾಕಿ, ನೇರ ಒತ್ತಿ ಹಿಡಿಯಿರಿ, ರಾತ್ರಿಯಿಡೀ ಬಿಡಿ. ಗಡಿಬಿಡಿಯಲ್ಲಿ ಅರ್ಧ ಗಂಟೆಗೇ ಬ್ರೇಕ್ ಹೊಡೆಯುವವರ ಟಿಪ್ ಹಾರಿಯೇ ಹಾರುತ್ತದೆ.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಲೆದರ್ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಅಂಚು ಬೇಗ ಹೊರಚಾಚುತ್ತದೆ. ಆ ನಾಲ್ಕು ತಿಂಗಳು ಅಂಚನ್ನು ಆಗಾಗ ಸವರಿಕೊಳ್ಳಿ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣವನ್ನು ಎಸೆಯದೆ ಕ್ಯೂ ಚೀಲದೊಳಗೆ ಹಾಕಿಡಿ. ಚಾಕ್‌ಗೂ ಮುಚ್ಚಳದ ಡಬ್ಬಿ ಇರಲಿ. ಕ್ಯೂವನ್ನು ಸ್ಕೂಟರಿನಲ್ಲಿ ನೆನೆಸಿಕೊಂಡು ಹೋಗುವವರಿಗೆ ನನ್ನಲ್ಲಿ ಔಷಧ ಇಲ್ಲ.

ಈ ಒಂದು ವಿಷಯದಲ್ಲಿ ಮಾತ್ರ ಫಿನಾಲಿಕ್‌ಗೆ ನನ್ನ ಪೂರ್ತಿ ಮಾರ್ಕು. ಅದು ಆಟಿಯ ಮಳೆಯಲ್ಲೂ ಒಂದೇ, ಬೇಸಿಗೆಯಲ್ಲೂ ಒಂದೇ.

ಪ್ರಶ್ನೆ: ಟಿಪ್ ಅನ್ನು ಹಾಲಿನಲ್ಲಿ ನೆನೆಸಿ ಗಟ್ಟಿ ಮಾಡುತ್ತಾರಂತೆ. ತಮಾಷೆಯೋ, ನಿಜವೋ?
– ಓದುಗ, ಪುತ್ತೂರು

ಉತ್ತರ: ನಿಜ. ಅಮೆರಿಕದ ಆಟಗಾರರ ಹಳೆಯ ಚಾಳಿ ಇದು. ನಾನೂ ಮಾಡುತ್ತೇನೆ, ಮನೆಯಲ್ಲಿ ಬೈಗುಳ ತಿನ್ನುತ್ತಾ.

ಎಲ್ಕ್ ಮಾಸ್ಟರ್‌ನಂಥ ಮೆತ್ತಗಿನ, ಕಡಿಮೆ ಬೆಲೆಯ ಟಿಪ್ ತೆಗೆದುಕೊಳ್ಳಿ. ಸಣ್ಣ ಲೋಟದಲ್ಲಿ ಮುಳುಗುವಷ್ಟು ಹಾಲು ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ. ನಂದಿನಿ ಪ್ಯಾಕೆಟ್ ಹಾಲೇ ಸಾಕು, ದನದ ಮನೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ತೆಗೆದು ಒರೆಸಿ. ಎರಡು ಅಗಲ ವಾಷರ್‌ಗಳ ನಡುವೆ ಇಟ್ಟು ವೈಸ್‌ಗೆ ಸಿಕ್ಕಿಸಿ ಬಿಗಿ ಮಾಡಿ. ಬಿಗಿ ಮಾಡುತ್ತಾ ಹೋದ ಹಾಗೆ ಅಂಚಿನಲ್ಲಿ ನೀಲಿ ಬಣ್ಣದ ಹಾಲು ಹನಿ ಹನಿಯಾಗಿ ಒಸರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅರ್ಧ ಸುತ್ತು ತಿರುಗಿಸಿ. ಟಿಪ್‌ನ ದಪ್ಪ ಅರ್ಧಕ್ಕೆ ಹತ್ತಿರ ಬರಬೇಕು. ಹಾಗೇ ಎರಡು ದಿನ ಬಿಟ್ಟು, ತೆಗೆದು ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಟೇಬಲ್ ಮೇಲೆ ಬೀಳಿಸಿದರೆ ಅಂಗಿ ಗುಂಡಿಯ ಹಾಗೆ ಟಣ್ ಅನ್ನಬೇಕು.

ಹಾಲಿನ ಪ್ರೋಟೀನ್ ನಾರಿನ ನಡುವೆ ಒಣಗಿ ಹಿಡಿದುಕೊಳ್ಳುತ್ತದೆ ಅನ್ನುವುದು ಮಾಡುವವರ ವಾದ. ನನ್ನ ಪ್ರಕಾರ ಹೆಚ್ಚಿನ ಕೆಲಸ ವೈಸ್‌ನದ್ದೇ. ಏನೇ ಇರಲಿ, ಅಂಚು ಅರಳದ, ಚಾಕ್ ಹಿಡಿಯುವ, ಗಟ್ಟಿ ಟಿಪ್ ಕೈಗೆ ಸಿಗುತ್ತದೆ. ಬ್ರೇಕ್‌ಗೆ ನನ್ನ ಮೆಚ್ಚಿನದು ಇದೇ. ಆದರೆ ಜೂನ್, ಜುಲೈಯಲ್ಲಿ ಮಾಡಲು ಹೋಗಬೇಡಿ. ಒಣಗುವುದಿಲ್ಲ, ಬೂಸ್ಟು ಬರುತ್ತದೆ, ವಾಸನೆಗೆ ಬೆಕ್ಕೂ ಹತ್ತಿರ ಬರುವುದಿಲ್ಲ.

ಪ್ರಶ್ನೆ: ಸ್ನೂಕರ್‌ನಲ್ಲೂ ಬ್ರೇಕ್‌ಗೆ ಬೇರೆ ಟಿಪ್ ಬೇಕೇ?
– ಓದುಗ, ಬಲ್ಮಠ

ಉತ್ತರ: ಬೇಡ. ಸ್ನೂಕರ್ ಬ್ರೇಕ್‌ನಲ್ಲಿ ಕೆಂಪು ಚೆಂಡುಗಳ ಅಂಚು ಸವರಿ ಬಿಳಿ ಚೆಂಡನ್ನು ಹಿಂದಕ್ಕೆ ತರುವುದೇ ಆಟ. ಅಲ್ಲಿ ಜೋರಿಗಿಂತ ಸ್ಪಿನ್ ಮುಖ್ಯ. ಆಡುವ ಟಿಪ್ ಸಾಕು.

ಪ್ರಶ್ನೆ: ಕುಂದಾಪುರದಲ್ಲಿ ಸಣ್ಣ ಪೂಲ್ ಪಾರ್ಲರ್ ನಡೆಸುತ್ತೇನೆ. ಹುಡುಗರು ಫಿನಾಲಿಕ್ ಟಿಪ್‌ನ ಕ್ಯೂ ತರುತ್ತಾರೆ. ಬಿಳಿ ಚೆಂಡಿನ ಮೇಲೆ ಸಣ್ಣ ಸಣ್ಣ ಗೀರು, ಬ್ರೇಕ್ ಹೊಡೆಯುವ ಜಾಗದಲ್ಲಿ ಬಟ್ಟೆಗೆ ಬಿಳಿ ಚುಕ್ಕೆ. ಫಿನಾಲಿಕ್ ಬೇಡ ಅಂತ ಬೋರ್ಡ್ ಹಾಕಬಹುದೇ? ನಿಯಮದಲ್ಲಿ ಏನಿದೆ?
– ಓದುಗರು, ಕುಂದಾಪುರ

ಉತ್ತರ: ಟೇಬಲ್ ನಿಮ್ಮದು, ಬೋರ್ಡ್ ಹಾಕಲು ಯಾರ ಅಪ್ಪಣೆಯೂ ಬೇಡ. ಇನ್ನು ನಿಯಮ. ವಿಶ್ವ ಪೂಲ್ ಸಂಸ್ಥೆಯ ಅಳತೆ ಪಟ್ಟಿಯಲ್ಲಿ ಟಿಪ್ 14 ಮಿ.ಮೀ.ಗಿಂತ ಅಗಲ ಇರಬಾರದು, ಚೆಂಡಿಗೆ ಗೀರು ಬೀಳಿಸುವ ಅಥವಾ ಹಾನಿ ಮಾಡುವ ವಸ್ತು ಆಗಬಾರದು, ಸಂಸ್ಕರಿಸಿದ ಚರ್ಮದ್ದೋ ನಾರಿರುವ ಅಥವಾ ಬಾಗುವ ಬೇರೆ ವಸ್ತುವಿನದ್ದೋ ಆಗಿರಬೇಕು ಅಂತ ಇದೆ. ಫಿನಾಲಿಕ್ ಇದರೊಳಗೆ ಬರುತ್ತದೆಯೋ ಇಲ್ಲವೋ ಅಂತ ಹಗ್ಗ ಜಗ್ಗುವುದು ನಿಂತಿಲ್ಲ. ನೀವು ಟೂರ್ನಮೆಂಟ್ ಇಟ್ಟರೆ ಹೆಸರು ಬರೆಸಿಕೊಳ್ಳುವಾಗಲೇ ಹೇಳಿಬಿಡಿ. ಆಟದ ನಡುವೆ ಹೇಳಿದರೆ ಜಗಳ ಖಂಡಿತ.

ಬಟ್ಟೆಯ ಚುಕ್ಕೆಗೆ ಮಾತ್ರ ಟಿಪ್ ಒಂದೇ ಕಾರಣ ಅಲ್ಲ. ಟೇಬಲ್ ಅಂಚಿನ ಕುಶನ್ ಅಡ್ಡ ಬರುವ ಕಾರಣ ಬ್ರೇಕ್ ಹೊಡೆಯುವಾಗ ಕ್ಯೂನ ಹಿಂಭಾಗ ಸ್ವಲ್ಪ ಎತ್ತರದಲ್ಲಿರುತ್ತದೆ. ಪೆಟ್ಟು ಕೆಳಮುಖವಾಗಿ ಬೀಳುತ್ತದೆ. ಚೆಂಡು ಬಟ್ಟೆಗೆ ಒತ್ತಿ ಉಜ್ಜಿಕೊಂಡು ಹೊರಡುತ್ತದೆ, ಆ ಬಿಸಿಗೆ ಬಟ್ಟೆ ಸುಡುತ್ತದೆ. ಲೆದರ್‌ನಲ್ಲಿ ಹೊಡೆದರೂ ಆಗುತ್ತದೆ. ಬಟ್ಟೆ ಬದಲಿಸಿದಾಗ ಉಳಿದ ಚೂರು ಇದ್ದರೆ ನಾಣ್ಯದಗಲ ಕತ್ತರಿಸಿ ಇಟ್ಟುಕೊಳ್ಳಿ. ಬ್ರೇಕ್ ಹೊಡೆಯುವಾಗ ಬಿಳಿ ಚೆಂಡಿನ ಅಡಿ ಅದನ್ನು ಹಾಕಲು ಹೇಳಿ, ಆಮೇಲೆ ತೆಗೆದುಬಿಡುವುದು.

ಬೋರ್ಡ್ ಹಾಕುವ ಮೊದಲು ಚೆಂಡಿನ ಸೆಟ್ ಯಾವುದು ಅಂತಲೂ ನೋಡಿ. ಅಗ್ಗದ ಪಾಲಿಯೆಸ್ಟರ್ ಚೆಂಡಾದರೆ ಫಿನಾಲಿಕ್ ಪೆಟ್ಟಿಗೆ ಬೇಗ ಗುರುತು ಬೀಳುತ್ತದೆ. ನಾನಾದರೆ ಗಟ್ಟಿ ಲೆದರ್ ಹಾಕಿದ ಒಂದು ಒಳ್ಳೆಯ ಬ್ರೇಕ್ ಕ್ಯೂವನ್ನು ಪಾರ್ಲರ್‌ನದ್ದೇ ಅಂತ ಇಡುತ್ತೇನೆ. ಬಂದವರೆಲ್ಲ ಅದರಲ್ಲೇ ಬ್ರೇಕ್ ಹೊಡೆಯಲಿ. ಹುಡುಗರ ಜೊತೆ ವಾದವೂ ತಪ್ಪಿತು.

ಪ್ರಶ್ನೆ: ಬ್ರೇಕ್ ಟಿಪ್ ಯಾವಾಗ ಬದಲಿಸಬೇಕು?
– ಓದುಗ, ಬಿ.ಸಿ. ರೋಡ್

ಉತ್ತರ: ಲೆದರ್ ಆದರೆ ದಪ್ಪ ನೋಡಿ. ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದ ದಪ್ಪಕ್ಕೆ, ಅಂದರೆ ಸುಮಾರು ಒಂದೂವರೆ ಮಿ.ಮೀ.ಗೆ ಇಳಿದರೆ ಸಾಕು, ಬದಲಿಸಿ. ಅದಕ್ಕಿಂತ ತೆಳುವಾದರೆ ಪೆಟ್ಟು ಫೆರುಲ್‌ಗೇ ಬೀಳುತ್ತದೆ. ಫಿನಾಲಿಕ್ ಆದರೆ ದಪ್ಪದ ಚಿಂತೆ ಇಲ್ಲ, ಶಬ್ದ ಕೇಳಿ. ಟಕ್ ಅನ್ನುತ್ತಿದ್ದದ್ದು ಒಂದು ದಿನ ಒಡಕು ದನಿ ತೆಗೆದರೆ ಅಂಚಿನಲ್ಲಿ ಚೂರು ಹಾರಿರುತ್ತದೆ, ಇಲ್ಲವೇ ಅಂಟು ಬಿಟ್ಟಿರುತ್ತದೆ. ಟಾರ್ಚ್ ಬಿಟ್ಟು ನೋಡಿ, ಉಗುರು ಆಡಿಸಿ ನೋಡಿ. ಸಂಶಯ ಇದ್ದರೆ ಆ ದಿನ ಅದರಲ್ಲಿ ಬ್ರೇಕ್ ಹೊಡೆಯಬೇಡಿ.